ಮಂದೆಯ ನಡಿಗೆ

ಕೂತ್ಕೊಳ್ಳಿ. ಹಿಂದೆ ನಿಂತಿರೋರಿಗೆ ಮುಂದೆ ಎರಡು ಸಾಲು ಖಾಲಿ ಇದೆ, ಬನ್ನಿ. ಬರೋದಿಲ್ಲ ಅಂದ್ರೂ ಪರವಾಗಿಲ್ಲ. ಇವತ್ತಿನ ಸಂದೇಶ ಹಿಂದೆ ಇರೋರ ಬಗ್ಗೆನೇ.

ಸಹೋದರಿ ಈಗ ತಾನೇ ಆದಿಕಾಂಡ 33ನೇ ಅಧ್ಯಾಯವನ್ನು ಓದಿದರು. 12ರಿಂದ 17ರ ತನಕದ ವಚನಗಳ ಹತ್ತಿರ ಒಂದು ಬೆರಳು ಇಟ್ಟುಕೊಂಡಿರಿ, ನಾವು ಮತ್ತೆ ಮತ್ತೆ ಅಲ್ಲಿಗೆ ಬರುತ್ತೇವೆ. ಇಪ್ಪತ್ತು ವರ್ಷಗಳ ನಂತರ ಯಾಕೋಬನೂ ಏಸಾವನೂ ಭೇಟಿಯಾಗಿದ್ದಾರೆ. ಇಬ್ಬರೂ ಅಪ್ಪಿಕೊಂಡು ಅತ್ತಿದ್ದಾರೆ. ಏಸಾವನ ಜೊತೆ 400 ಮಂದಿ ಗಂಡಸರಿದ್ದಾರೆ. ಬಾ ತಮ್ಮ, ಒಟ್ಟಿಗೆ ಹೋಗೋಣ, ನಾನು ಮುಂದೆ ನಡೀತೀನಿ ಅನ್ನುತ್ತಾನೆ. ಆಗ ಯಾಕೋಬ ಏನು ಹೇಳಿದ? ನನ್ನ ಹತ್ತಿರ ಎಳೇ ಮಕ್ಕಳಿದ್ದಾರೆ, ಹಾಲು ಕುಡಿಸುವ ಕುರಿ ದನಗಳಿವೆ, ಒಂದೇ ಒಂದು ದಿನ ಜೋರಾಗಿ ಓಡಿಸಿದರೂ ಮಂದೆ ಸತ್ತುಹೋಗುತ್ತದೆ. ಸ್ವಾಮೀ, ನೀನು ಮುಂದೆ ಹೋಗು. ನಾನು ಮಂದೆಯ ನಡಿಗೆಗೆ ತಕ್ಕ ಹಾಗೆ, ಮಕ್ಕಳ ನಡಿಗೆಗೆ ತಕ್ಕ ಹಾಗೆ ಮೆಲ್ಲಗೆ ಬರ್ತೀನಿ.

ಈ ಅಧ್ಯಾಯವನ್ನು ನಾನು ಬೈಬಲ್ ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಂದಿತ್ತು, ಉತ್ತರವನ್ನೂ ಬರೆದಿದ್ದೆ. ಆದರೆ ದೇವರ ಮಕ್ಕಳೇ, ಅದು ನನಗೆ ಅರ್ಥವಾದದ್ದು ಹಿಮಾಚಲದ ಒಂದು ಬೆಟ್ಟದಲ್ಲಿ, ಬೆಳಗಿನ ಜಾವ 4 ಗಂಟೆಗೆ, ನನ್ನ ತಲೆ ಬಗ್ಗಿದಾಗ.

ಜೂನ್ ಕೊನೆಯ ವಾರ ನಮ್ಮ ಯೌವನಸ್ಥರ ಜೊತೆ ನಾನು ಟ್ರೆಕ್ಕಿಂಗಿಗೆ ಹೋಗಿದ್ದು ನಿಮಗೆಲ್ಲ ಗೊತ್ತು. ನೀವೇ ಪ್ರಾರ್ಥನೆ ಮಾಡಿ ಕಳಿಸಿದ್ರಿ. ಚಕ್ಕುಲಿ, ಚಟ್ನಿಪುಡಿ ಕಟ್ಟಿಕೊಟ್ಟ ತಾಯಂದಿರಿಗೆ ವಂದನೆ. ಬಂದ ಮೇಲೆ ಎಲ್ಲರೂ ಕೇಳಿದ್ರಿ, ಪಾಸ್ಟರ್, ಮೇಲಿನ ಫೋಟೋದಲ್ಲಿ ನೀವು ಯಾಕೆ ಇಲ್ಲ? ಫೋಟೋ ತೆಗೆದಿದ್ದು ನೀವೇನಾ? ಅಲ್ಲ. ನಾನು ಅಲ್ಲಿರಲಿಲ್ಲ. ನಾನು ಆ ಪಾಸ್ ನೋಡಲೇ ಇಲ್ಲ. ಅದು ಯಾಕೆ ಅಂತ ಇವತ್ತು ಹೇಳ್ತೀನಿ. ಇದರಲ್ಲಿ ಒಬ್ಬ ತಮ್ಮನ ವಿಷಯ ಬರುತ್ತದೆ. ಅವನ ಅನುಮತಿ ಕೇಳಿಯೇ ಹೇಳ್ತಿದ್ದೀನಿ. ಪಾಸ್ಟರ್, ನನ್ನ ಹೆಸರು ಹೇಳಬೇಡಿ, ವಿಷಯ ಪೂರ್ತಿ ಹೇಳಿ ಅಂದ.

ನಾವು ಹೋಗಿದ್ದು ಹಂಪ್ತಾ ಪಾಸ್. ಪಾಸ್ ಅಂದರೆ ಕಣಿವೆ ದಾರಿ, ಬೆಟ್ಟ ದಾಟುವ ಬಾಗಿಲು ಇದ್ದ ಹಾಗೆ. ಈ ಕಡೆ ಕುಲ್ಲು, ಹಸಿರು, ಮಳೆ, ದೇವದಾರು ಮರಗಳು. ಆ ಕಡೆ ಲಾಹೌಲ್, ಒಣ ಮಣ್ಣು, ಕಂದು ಬಂಡೆ. ಮಧ್ಯದಲ್ಲಿ ಸುಮಾರು 4,270 ಮೀಟರ್ ಎತ್ತರದಲ್ಲಿ ಈ ಬಾಗಿಲು. ನಮ್ಮ ಕರ್ನಾಟಕದಲ್ಲಿ ಅತಿ ಎತ್ತರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಮನಾಲಿ ಊರೇ ಸುಮಾರು 2,050 ಮೀಟರ್. ಅಂದರೆ ನಾವು ಇಲ್ಲಿ ಎಲ್ಲಿ ಮುಗಿಸ್ತೀವೋ, ಅಲ್ಲಿ ಅದಕ್ಕಿಂತ ಮೇಲಿನಿಂದ ಶುರು.

ನನ್ನನ್ನೂ ಸೇರಿಸಿ 14 ಜನ. ರೈಲಿನಲ್ಲಿ ಚಂಡೀಗಢ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಮನಾಲಿ. ಐದು ದಿನದ ದಾರಿ. ಮೊದಲ ದಿನ ಜೋಬ್ರಾ ತನಕ ಗಾಡಿ, ಅಲ್ಲಿಂದ ನಡೆದು ಚಿಕಾ ಎಂಬ ಜಾಗದಲ್ಲಿ ಟೆಂಟ್. ಎರಡನೇ ದಿನ ಬಾಲು ಕಾ ಘೇರಾ. ಮೂರನೇ ದಿನ ಪಾಸ್ ದಾಟಿ ಆ ಕಡೆ ಶಿಯಾಗೋರು. ನಾಲ್ಕನೇ ದಿನ ಛತ್ರು, ಅಲ್ಲಿಂದ ಗಾಡಿಯಲ್ಲಿ ಚಂದ್ರತಾಲ್ ಸರೋವರ. ಐದನೇ ದಿನ ಅಟಲ್ ಸುರಂಗದ ಮೂಲಕ ವಾಪಸ್ ಮನಾಲಿ.

ಈಗ ನನ್ನ ತಪ್ಪೊಪ್ಪಿಗೆ. ಹೋಗುವ ಮುಂಚೆ ನಾನು ಒಂದು ಬ್ಯಾನರ್ ಮಾಡಿಸಿದ್ದೆ. ಆರಡಿ ಉದ್ದ. ಸಭೆಯ ಹೆಸರು, ಕೆಳಗೆ ಕೀರ್ತನೆ 121 ಅಂತ ದೊಡ್ಡ ಅಕ್ಷರ. ಪಾಸ್ ಮೇಲೆ ನಿಂತು, ಬ್ಯಾನರ್ ಹಿಡಿದು, ಕರ್ನಾಟಕಕ್ಕಾಗಿ ಪ್ರಾರ್ಥನೆ ಮಾಡಿ, ವಿಡಿಯೋ ಹಾಕಬೇಕು ಅಂತ ಆಸೆ. ದೇವರ ಮಹಿಮೆಗೆ ಅಂತ ಹೇಳ್ಕೊಂಡೆ. ಅದರಲ್ಲಿ ಎಷ್ಟು ದೇವರ ಮಹಿಮೆ, ಎಷ್ಟು ನನ್ನ ಮಹಿಮೆ? ಕರ್ತನಿಗೆ ಗೊತ್ತು.

ಇನ್ನೊಂದು. ರೈಲಿನಲ್ಲಿ ನಾನು ಹುಡುಗರಿಗೆ ಒಂದು ಸಂದೇಶ ಕೊಟ್ಟೆ. ಅರಣ್ಯಕಾಂಡ 13. ಹನ್ನೆರಡು ಗೂಢಚಾರರು ಕಾನಾನ್ ದೇಶ ನೋಡಿ ಬಂದರು. ಹತ್ತು ಜನ ಆಗಲ್ಲ ಅಂದರು. ಕಾಲೇಬ, ಯೆಹೋಶುವ ಇಬ್ಬರೇ ಆಗುತ್ತೆ ಅಂದರು. ನಾನು ಬೋಗಿಯಲ್ಲಿ ಎದ್ದು ನಿಂತು ಹೇಳಿದೆ, ಈ ಗುಂಪಿನಲ್ಲಿ ಆಗಲ್ಲ ಅನ್ನೋ ಬಾಯಿ ಒಂದೂ ಇರಬಾರದು, ಬೆಟ್ಟದ ಮೇಲೆ ಯಾರೂ ನೆಗೆಟಿವ್ ಮಾತು ಆಡಬಾರದು. ಎಲ್ಲರೂ ಆಮೆನ್ ಅಂದರು. ಚೆನ್ನಾಗಿತ್ತು. ಆ ಆಮೆನ್‌ನ ಬೆಲೆ ಆಮೇಲೆ ಗೊತ್ತಾಯ್ತು.

ಬೆಟ್ಟದಲ್ಲಿ ನಡೆಯೋಕೆ ಒಂದು ಕ್ರಮ ಇದೆ ಪ್ರಿಯರೇ. ಗುಂಪಿನ ಮುಂದೆ ಒಬ್ಬ ಗೈಡ್, ಎಲ್ಲರಿಗಿಂತ ಹಿಂದೆ ಒಬ್ಬ. ಹಿಂದೆ ಇರುವವನನ್ನು ಯಾರೂ ದಾಟಿ ಹಿಂದುಳಿಯುವ ಹಾಗಿಲ್ಲ. ನೀವು ನಿಂತರೆ ಅವನೂ ನಿಲ್ಲುತ್ತಾನೆ. ನೀವು ಕೂತರೆ ಅವನೂ ಕೂರುತ್ತಾನೆ. ಗುಂಪಿನ ವೇಗ ಅಂದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ವೇಗ. ಮೊದಲ ದಿನ ಇದು ನಮ್ಮ ಹುಡುಗರಿಗೆ ಹಿಡಿಸಲಿಲ್ಲ. ನನಗೂ ಹಿಡಿಸಲಿಲ್ಲ. ನಾನು ಗೈಡ್ ಹಿಂದೆಯೇ, ಎರಡನೆಯವನಾಗಿ ನಡೀತಿದ್ದೆ. ಪಾಸ್ಟರ್ ಮುಂದೆ ಇರಬೇಕಲ್ವಾ!

ಎರಡನೇ ದಿನ ಜ್ವಾರಾ ಹೊಳೆ ದಾಟಬೇಕು. ಅದು ಹಿಮ ಕರಗಿ ಬರುವ ನೀರು. ಬೆಳಿಗ್ಗೆ ನೀರು ಕಡಿಮೆ, ಬಿಸಿಲೇರಿದ ಹಾಗೆ ಹಿಮ ಕರಗಿ ಮಧ್ಯಾಹ್ನಕ್ಕೆ ಹೆಚ್ಚಾಗುತ್ತದೆ. ಕಾಲಿಟ್ಟರೆ ಚಳಿ ಅಲ್ಲ, ನೋವು. ಗೈಡ್ ಎಲ್ಲರನ್ನೂ ಕೈಕೈ ಹಿಡಿಸಿ ಸರಪಳಿ ಮಾಡಿದ. ಗಟ್ಟಿಯಾದವರ ನಡುವೆ ಗಟ್ಟಿ ಇಲ್ಲದವರು. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಸಿದ, ಬಿದ್ದರೆ ಬ್ಯಾಗ್ ಬಿಟ್ಟು ಏಳೋಕೆ. ಹೊಳೆ ದಾಟಿದ ಮೇಲೆ ಎಲ್ಲರೂ ಹಲ್ಲೆಲೂಯ ಅಂತ ಕೂಗಿದರು. ಒಬ್ಬನನ್ನು ಬಿಟ್ಟು.

ಅವನು ನಮ್ಮ ಗುಂಪಿನಲ್ಲಿ ಅತಿ ಗಟ್ಟಿ ಹುಡುಗ. ಜಿಮ್‌ಗೆ ಹೋಗ್ತಾನೆ. ತನ್ನ ಬ್ಯಾಗಿನ ಜೊತೆ ಇಬ್ಬರು ತಂಗಿಯರ ಸಾಮಾನೂ ಹೊತ್ತಿದ್ದ. ಮೊದಲ ದಿನ ಎಲ್ಲರನ್ನೂ ನಗಿಸಿದವನು ಆ ದಿನ ಒಂದು ಮಾತೂ ಆಡಲಿಲ್ಲ. ಹಿಂದೆ ಹಿಂದೆ ಬೀಳ್ತಿದ್ದ. ನಾನು ಮುಂದೆ ಇದ್ದೆನಲ್ಲ, ನೋಡಲಿಲ್ಲ. ಮುಂದೆ ಇರುವವನಿಗೆ ಬೆಟ್ಟ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ಮಧ್ಯಾಹ್ನ ಬಾಲು ಕಾ ಘೇರಾ ತಲುಪಿದೆವು. ಸುಮಾರು 3,600 ಮೀಟರ್. ಸುತ್ತ ಬೆಟ್ಟ, ನಡುವೆ ನೀರು ಹರಿಯುವ ಬಯಲು. ಸಂಜೆ ಅವನು ಊಟ ಮಾಡಲಿಲ್ಲ. ಸುಸ್ತು ಅಂದ. ರಾತ್ರಿ 8 ಗಂಟೆಗೆ ಅವನ ಟೆಂಟಿನ ಜೊತೆಗಾರ ನನ್ನ ಹತ್ತಿರ ಬಂದ. ಪಾಸ್ಟರ್, ಅವನಿಗೆ ನಿನ್ನೆಯಿಂದ ತಲೆನೋವು, ಈಗ ಎರಡು ಸಲ ವಾಂತಿ ಮಾಡಿದ, ಯಾರಿಗೂ ಹೇಳಬೇಡ ಅಂದಿದ್ದಾನೆ ಅಂದ.

ನಾನು ಹೋದೆ. ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಯೇಸುವಿನ ನಾಮದಲ್ಲಿ ಆ ತಲೆನೋವನ್ನು ಗದರಿಸಿದೆ. ಹೇಗಿದೆ ಅಂತ ಕೇಳಿದೆ. ಪರವಾಗಿಲ್ಲ ಪಾಸ್ಟರ್, ಕಡಿಮೆ ಆಯ್ತು ಅಂದ. ಸ್ತೋತ್ರ ಅಂದು ನನ್ನ ಟೆಂಟಿಗೆ ಬಂದು ಮಲಗಿಬಿಟ್ಟೆ. ಗೈಡ್‌ಗೆ ಹೇಳಲಿಲ್ಲ. ಅವರ ಟೆಂಟ್ ಇಪ್ಪತ್ತು ಹೆಜ್ಜೆ ದೂರ ಇತ್ತು.

ಯಾಕೆ ಹೇಳಲಿಲ್ಲ? ಹೇಳಿದರೆ ಅವನನ್ನು ಕೆಳಗೆ ಕಳಿಸ್ತಾರೆ. ಜೊತೆಗೆ ಯಾರಾದರೂ ಇಳೀಬೇಕು. ಗುಂಪು ಒಡೆಯುತ್ತೆ. ಬೆಳಿಗ್ಗೆ ಪಾಸ್. ಬ್ಯಾನರ್ ನನ್ನ ಬ್ಯಾಗಿನಲ್ಲಿದೆ. ಇಷ್ಟೇ ಕಾರಣ. ಇದನ್ನು ನಾನು ವಿಶ್ವಾಸ ಅಂತ ಕರೆದೆ.

ಬೆಳಗಿನ ಜಾವ 4 ಗಂಟೆಗೆ ಎಲ್ಲರನ್ನೂ ಎಬ್ಬಿಸಿದರು. ಗೈಡ್ ಟಾರ್ಚ್ ಹಿಡಿದು ಒಬ್ಬೊಬ್ಬರನ್ನೂ ಮಾತಾಡಿಸುತ್ತಾ ಬಂದ. ಈ ತಮ್ಮನ ಹತ್ತಿರ ನಿಂತ. ಏನೋ ಕೇಳಿದ, ಉತ್ತರ ತಡವಾಗಿ ಬಂತು. ನೆಲದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದ. ಈ ಗೆರೆ ಮೇಲೆ ನಡಿ, ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗಬೇಕು ಅಂದ. ಮೂರು ಹೆಜ್ಜೆ ಇಡುವಷ್ಟರಲ್ಲಿ ಆ ಗಟ್ಟಿ ಹುಡುಗ ಪಕ್ಕಕ್ಕೆ ವಾಲಿದ.

ಗೈಡ್ ನನ್ನ ಕಡೆ ತಿರುಗಿದ. ಇವನು ಈಗಲೇ ಕೆಳಗೆ ಹೋಗಬೇಕು. ನಾನು ವಾದ ಮಾಡಿದೆ. ಹೌದು, ವಾದ ಮಾಡಿದೆ. ರಾತ್ರಿ ಪ್ರಾರ್ಥನೆ ಮಾಡಿದ್ದೇವೆ, ಇವನು ನಡೀತಾನೆ, ನಿಧಾನಕ್ಕೆ ಕರೆದುಕೊಂಡು ಹೋಗೋಣ ಅಂದೆ. ಆ ಮನುಷ್ಯ ಜೋರು ಮಾಡಲಿಲ್ಲ. ಹಿಂದಿಯಲ್ಲಿ ಎರಡೇ ಮಾತು ಹೇಳಿದ. ಪ್ರಾರ್ಥನೆ ಮಾಡಿ ಸರ್. ಇಳಿಯುತ್ತಾ ಮಾಡಿ.

ದೇವರ ಮಕ್ಕಳೇ, ಬಿಳಾಮನ ಜೊತೆ ಕತ್ತೆಯ ಬಾಯಿಂದ ಮಾತಾಡಿದ ದೇವರು ನನ್ನ ಜೊತೆ ಒಬ್ಬ ಗೈಡ್‌ನ ಬಾಯಿಂದ ಮಾತಾಡಿದರು. ಅಲ್ಲಿ ಕತ್ತೆ ಆಗಿದ್ದು ನಾನು.

ಆಮೇಲೆ ಮನಾಲಿಯಲ್ಲಿ ಡಾಕ್ಟರ್ ನನಗೆ ಬಿಡಿಸಿ ಹೇಳಿದರು. ಮೇಲೆ ಹೋದ ಹಾಗೆ ಗಾಳಿಯಲ್ಲಿ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ಸುಮಾರು 21 ಶೇಕಡಾನೇ. ಆದರೆ ಗಾಳಿಯ ಒತ್ತಡ ಕಡಿಮೆ. ಆ ಪಾಸ್‌ನ ಎತ್ತರದಲ್ಲಿ ಸಮುದ್ರ ಮಟ್ಟದ ಒತ್ತಡದ ಸುಮಾರು 60 ಶೇಕಡಾ ಮಾತ್ರ. ಒಂದೊಂದು ಉಸಿರಿಗೂ ಸಿಗೋದು ಕಮ್ಮಿ. ದೇಹ ಅದಕ್ಕೆ ಹೊಂದಿಕೊಳ್ಳುತ್ತೆ, ಆದರೆ ಅದಕ್ಕೆ ಸಮಯ ಬೇಕು. ಸಮಯ ಕೊಡದಿದ್ದರೆ ತಲೆನೋವು, ವಾಂತಿ, ನಿದ್ದೆ ಬರದಿರುವುದು. ಆಗಲೂ ನಿಲ್ಲದೆ ಹತ್ತುತ್ತಾ ಹೋದರೆ ಮಿದುಳು ಊದಿಕೊಳ್ಳಬಹುದು, ಇಲ್ಲವೇ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮನುಷ್ಯ ಸಾಯಬಹುದು. ತೂಕ ಎತ್ತುವ ಶಕ್ತಿ ಇದ್ದರೂ ಇದು ಬಿಡುವುದಿಲ್ಲ. ನಡಿಗೆ ತಪ್ಪುವುದು ಅಪಾಯದ ಗುರುತು. ಮದ್ದುಗಳಿವೆ, ಆಕ್ಸಿಜನ್ ಇದೆ, ಆದರೆ ಎಲ್ಲಕ್ಕಿಂತ ಮೊದಲ ಮದ್ದು ಇಳಿಯುವುದು.

ದೇವರು ಈ ಶರೀರವನ್ನು ಮಾಡುವಾಗ ಅದರೊಳಗೆ ಕಾಯುವುದನ್ನೂ ಇಟ್ಟರು. ನಾನು ಅದನ್ನು ಅಪನಂಬಿಕೆ ಅಂದುಕೊಂಡೆ.

ಮತ್ತಾಯ 4ನೇ ಅಧ್ಯಾಯಕ್ಕೆ ಬನ್ನಿ. ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ ಧುಮುಕು ಅಂದ. ಬಾಯಲ್ಲಿ ವಾಕ್ಯ ಇಟ್ಟುಕೊಂಡೇ ಹೇಳಿದ. ದೇವದೂತರು ಹಿಡ್ಕೋತಾರೆ ಅಂದ. ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂದರು. ಪ್ರಿಯರೇ, ನಾನು ದೈವಿಕ ಸ್ವಸ್ಥತೆಯನ್ನು ನಂಬುತ್ತೇನೆ. ಈ ಸಭೆಯಲ್ಲಿ, ಈ ಹಾಲ್‌ನಲ್ಲೇ, ಡಾಕ್ಟರ್ ಕೈಬಿಟ್ಟವರು ಎದ್ದು ಬಂದಿದ್ದನ್ನು ನೋಡಿದ್ದೇನೆ. ನಿಮ್ಮಲ್ಲೇ ಸಾಕ್ಷಿಗಳಿದ್ದಾರೆ. ಅದರಲ್ಲಿ ಒಂದು ಅಕ್ಷರವನ್ನೂ ನಾನು ಹಿಂದಕ್ಕೆ ತಗೊಳ್ಳಲ್ಲ. ಆದರೆ ಇಳಿಯುವ ದಾರಿಯನ್ನು ದೇವರೇ ಇಟ್ಟಿರುವಾಗ, ಇಳಿಯದೆ ಪವಾಡ ಕೇಳುವುದು ವಿಶ್ವಾಸ ಅಲ್ಲ. ಬೇರೊಬ್ಬರ ಮಗನನ್ನು ತುದಿಯಲ್ಲಿ ನಿಲ್ಲಿಸಿ ಧುಮುಕು ಅನ್ನುವುದು ವಿಶ್ವಾಸವೇ ಅಲ್ಲ.

ಹನ್ನೆರಡು ಜನ ಗೈಡ್ ಜೊತೆ ಮೇಲೆ ಹೋದರು. ಆ ತಮ್ಮ, ನಾನು, ಗೈಡ್‌ನ ಸಹಾಯಕ ಮೂವರು ಕೆಳಗೆ ಹೊರಟೆವು. ಅವನು ನಮ್ಮಿಬ್ಬರ ಹೆಗಲ ಮೇಲೆ ಕೈ ಹಾಕಿದ್ದ. ವಿಮೋಚನಕಾಂಡ 17ರಲ್ಲಿ ಮೋಶೆಯ ಕೈಗಳನ್ನು ಆರೋನ ಒಂದು ಕಡೆ, ಹೂರ ಒಂದು ಕಡೆ ಎತ್ತಿ ಹಿಡಿದರಲ್ಲ, ಹಾಗೆ. ನಾನು ಬಾಯಿಬಿಟ್ಟು ಪ್ರಾರ್ಥಿಸುತ್ತಾ ಇಳಿದೆ. ಆದರೆ ಆ ಪ್ರಾರ್ಥನೆಯಲ್ಲಿ ಗದರಿಸುವುದು ಏನೂ ಇರಲಿಲ್ಲ. ಕರ್ತನೇ ಕ್ಷಮಿಸು, ಇವನನ್ನು ಇವನ ತಾಯಿಗೆ ವಾಪಸ್ ಕೊಡು, ಅಷ್ಟೇ.

ದಾರಿಯಲ್ಲಿ ಬೆಳಕಾಯಿತು. ಕೆಳಗಿನಿಂದ ಒಂದು ಮಂದೆ ಬರ್ತಾ ಇತ್ತು. ಗದ್ದಿ ಜನ ಅಂತ, ಹಿಮಾಚಲದ ಕುರಿ ಕಾಯುವವರು. ಬೇಸಿಗೆಯಲ್ಲಿ ಕುರಿ ಆಡುಗಳನ್ನು ಹೊಡೆದುಕೊಂಡು ಲಾಹೌಲ್‌ನ ಹುಲ್ಲುಗಾವಲುಗಳಿಗೆ ಹೋಗುತ್ತಾರೆ, ಚಳಿಗೆ ಮುಂಚೆ ಇಳಿಯುತ್ತಾರೆ. ಟ್ರೆಕ್ಕಿಂಗ್ ಮಾಡುವ ನಾವು ಬರುವ ಎಷ್ಟೋ ಮೊದಲಿನಿಂದ ಆ ದಾರಿ ಅವರ ದಾರಿ. ಮಂದೆಗೆ ಜಾಗ ಬಿಡಲು ನಾವು ಪಕ್ಕದ ಬಂಡೆಯ ಮೇಲೆ ಕೂತೆವು. ಮುಂದೆ ಒಬ್ಬ ಹುಡುಗ, ಒಂದು ನಾಯಿ. ಆಮೇಲೆ ಕುರಿಗಳು, ಕುರಿಗಳು, ಕುರಿಗಳು. ಎಲ್ಲ ಮುಗಿದವು ಅಂದುಕೊಂಡೆ. ಆಗ ಎಷ್ಟೋ ದೂರ ಹಿಂದೆ, ಕುಂಟುವ ಎರಡು ಕುರಿಗಳ ಜೊತೆ ಒಬ್ಬ ಮುದುಕ ಬಂದ. ಉಣ್ಣೆಯ ದೊಡ್ಡ ಅಂಗಿ, ಸೊಂಟಕ್ಕೆ ಉಣ್ಣೆಯ ಹಗ್ಗದ ಸುತ್ತು. ಅಂಗಿಯ ಎದೆಯ ಮಡಿಕೆಯಿಂದ ಒಂದು ಮರಿಯ ತಲೆ ಹೊರಗೆ ಕಾಣ್ತಿತ್ತು.

ಸಹಾಯಕ ಹೇಳಿದ, ಇವರೇ ಈ ಮಂದೆಯ ಯಜಮಾನರು.

ಯಜಮಾನ ಹಿಂದೆ ಇದ್ದ! ನಾನು ಅಲ್ಲೇ ಅತ್ತುಬಿಟ್ಟೆ. ಯೆಶಾಯ 40:11ನ್ನು ಎಷ್ಟು ಸಲ ಪ್ರಸಂಗ ಮಾಡಿದ್ದೇನೆ. ಕರ್ತನು ಮರಿಗಳನ್ನು ಎದೆಯಲ್ಲಿಟ್ಟು ಹೊರುತ್ತಾನೆ, ಹಾಲೂಡಿಸುವ ಕುರಿಗಳನ್ನು ಮೆಲ್ಲಗೆ ನಡೆಸುತ್ತಾನೆ ಅಂತ. ಮೆಲ್ಲಗೆ ಅನ್ನುವ ಪದವನ್ನು ನಾನು ಯಾವತ್ತೂ ನಿಂತು ಓದಿರಲಿಲ್ಲ.

ಈಗ ಆದಿಕಾಂಡ 33ಕ್ಕೆ ವಾಪಸ್ ಬನ್ನಿ. ಬೆರಳು ಇದೆ ತಾನೆ? ಯಾಕೋಬ ಈ ಮಾತು ಹೇಳಿದ್ದು ಯಾವಾಗ? ಒಂದು ಪುಟ ಹಿಂದೆ ಹೋಗಿ. 32ನೇ ಅಧ್ಯಾಯದ ಕೊನೆ. ಆ ರಾತ್ರಿ ತಾನೇ ಯಬ್ಬೋಕ್ ಹೊಳೆಯ ದಡದಲ್ಲಿ ದೇವರೊಂದಿಗೆ ಹೋರಾಡಿ, ಅವನ ತೊಡೆಯ ಕೀಲು ತಪ್ಪಿದೆ. ಸೂರ್ಯ ಹುಟ್ಟುವಾಗ ಕುಂಟುತ್ತಾ ಬಂದಿದ್ದಾನೆ. ಹುಟ್ಟುವಾಗಲೇ ಅಣ್ಣನ ಹಿಮ್ಮಡಿ ಹಿಡಿದವನು ಈ ಯಾಕೋಬ. ಯಾವಾಗಲೂ ಮುಂದೆ ಹೋಗಬೇಕು, ದಾಟಬೇಕು, ಗೆಲ್ಲಬೇಕು. ಆ ಯಾಕೋಬ ಈಗ ಅಣ್ಣನಿಗೆ ಹೇಳ್ತಾನೆ, ನೀನು ಮುಂದೆ ಹೋಗು. ಕುಂಟುವವನಿಗೆ ಮಾತ್ರ ಮಕ್ಕಳ ಕಾಲು ಕಾಣಿಸಿತು.

ಕೆಲವರು ಕೇಳ್ತಾರೆ, ಪಾಸ್ಟರ್, ಯಾಕೋಬ ಏಸಾವನ ಹತ್ತಿರ ಸೇಯೀರಿಗೆ ಹೋಗಲೇ ಇಲ್ಲವಲ್ಲ, ಸುಕ್ಕೋತಿಗೆ ಹೋದನಲ್ಲ, ಇದು ತಪ್ಪಿಸಿಕೊಳ್ಳೋ ಮಾತಲ್ವಾ? ಇರಬಹುದು. ಯಾಕೋಬನಲ್ಲಿ ಹಳೇ ಯಾಕೋಬ ಪೂರ್ತಿ ಸತ್ತಿರಲಿಲ್ಲ. ನಮ್ಮಲ್ಲಿ ಸತ್ತಿದ್ದಾನಾ? ಆದರೆ ಸುಕ್ಕೋತಿನಲ್ಲಿ ಅವನು ಏನು ಮಾಡಿದ ನೋಡಿ. 17ನೇ ವಚನ. ತನಗೆ ಮನೆ ಕಟ್ಟಿದ, ದನಕುರಿಗಳಿಗೆ ನೆರಳಿನ ಚಪ್ಪರ ಹಾಕಿದ. ಆ ಚಪ್ಪರಗಳಿಂದಲೇ ಆ ಊರಿಗೆ ಹೆಸರು ಬಂತು. ಮಂದೆಗೆ ವಿಶ್ರಾಂತಿ ಕೊಟ್ಟ.

ಇನ್ನೊಂದು ವಾಕ್ಯ. ಧರ್ಮೋಪದೇಶಕಾಂಡ 25:17, 18. ಅಮಾಲೇಕ್ಯರು ಇಸ್ರಾಯೇಲ್ಯರ ಮೇಲೆ ಬಿದ್ದಾಗ ಎಲ್ಲಿ ಹೊಡೆದರು? ಮುಂದೆ ಮೋಶೆ ಇದ್ದ ಕಡೆ ಅಲ್ಲ. ಹಿಂದೆ, ದಣಿದು ಬಳಲಿ ನಿಧಾನವಾದವರನ್ನು ಹೊಡೆದರು. ದೇವರು ಅದನ್ನು ಮರೆಯಬೇಡಿ ಅಂದರು. ಶತ್ರು ಇವತ್ತೂ ಅಲ್ಲೇ ಹೊಡೆಯೋದು. ಮೈಕ್ ಹಿಡಿದವನ ಹತ್ತಿರ ಅಲ್ಲ, ಕೊನೆಯ ಬೆಂಚಿನಲ್ಲಿ. ಆರಾಧನೆ ಮುಗಿಯುವ ಮುಂಚೆ ಎದ್ದು ಹೋಗುವವರ ಹತ್ತಿರ. ಅದಕ್ಕೇ ಅರಣ್ಯಕಾಂಡ 10:25ರಲ್ಲಿ ಪಾಳೆಯ ಹೊರಡುವಾಗ ಎಲ್ಲರ ಹಿಂದೆ ದಾನ್ ಕುಲದವರ ದಂಡು ನಡೆಯಬೇಕಾಗಿತ್ತು, ಹಿಂಬದಿಯ ಕಾವಲಿಗೆ. ಯೆಶಾಯ 52:12ರಲ್ಲಿ ಕರ್ತನು ಮುಂದೆಯೂ ಹೋಗುತ್ತಾನೆ, ಹಿಂದೆಯೂ ಕಾಯುತ್ತಾನೆ. ನಮ್ಮ ದೇವರು ಹಿಂದೆ ನಡೆಯಲು ನಾಚಿಕೆಪಡುವ ದೇವರಲ್ಲ. ಆಮೆನ್ ಹೇಳ್ತೀರಾ?

ಚಿಕಾ ತಲುಪುವಷ್ಟರಲ್ಲಿ ಅವನ ತಲೆನೋವು ಇಳಿದಿತ್ತು. ಸುಮಾರು 500 ಮೀಟರ್ ಇಳಿದಿದ್ದೆವು, ಅಷ್ಟೇ. ನೀರು ಕೇಳಿದ. ಆಮೇಲೆ ಬಿಸ್ಕತ್ ಕೇಳಿದ. ಅವನು ಬಿಸ್ಕತ್ ಕೇಳಿದಾಗ ನನಗಾದ ಸಂತೋಷ ಯಾವ ಪಾಸ್ ಮೇಲೂ ಸಿಗುತ್ತಿರಲಿಲ್ಲ. ಮನಾಲಿಯಲ್ಲಿ ಡಾಕ್ಟರ್ ನೋಡಿ, ಸರಿಯಾದ ಹೊತ್ತಿಗೆ ಇಳಿದ್ರಿ ಅಂದರು. ಕರ್ತನಿಗೆ ಸ್ತೋತ್ರ.

ಎರಡು ದಿನ ನಾವಿಬ್ಬರೇ ಲಾಡ್ಜಿನಲ್ಲಿ ಇದ್ದೆವು. ಮೊದಲ ರಾತ್ರಿ ನಾನು ಕೇಳಿದೆ, ಯಾಕೋ ಹೇಳಲಿಲ್ಲ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, ಪಾಸ್ಟರ್, ನೀವೇ ರೈಲಿನಲ್ಲಿ ಹೇಳಿದ್ರಲ್ಲ. ಆಗಲ್ಲ ಅನ್ನೋ ಬಾಯಿ ಇರಬಾರದು ಅಂತ. ನಾನು ಹತ್ತು ಗೂಢಚಾರರಲ್ಲಿ ಒಬ್ಬ ಆಗೋಕೆ ಇಷ್ಟ ಇರಲಿಲ್ಲ. ನೀವು ಪ್ರಾರ್ಥನೆ ಮಾಡಿದ ಮೇಲೂ ನೋವು ಇತ್ತು. ಇದೆ ಅಂದ್ರೆ ನಿಮ್ಮ ಪ್ರಾರ್ಥನೆಗೆ ಅವಮಾನ ಅಂದುಕೊಂಡೆ.

ನನ್ನ ಪ್ರಾರ್ಥನೆಗೆ ಅವಮಾನ ಆಗಬಾರದು ಅಂತ ಒಂದು ಮಗು ಸಾಯಲು ತಯಾರಿತ್ತು. ಇದನ್ನು ಕೇಳಿದ ಮೇಲೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ನಿದ್ದೆ ಇಲ್ಲದ ರಾತ್ರಿ ಪವಿತ್ರಾತ್ಮ ದೇವರು ನನಗೆ ಇನ್ನೊಂದು ಮುಖ ತೋರಿಸಿದರು. ನಮ್ಮ ಸಭೆಗೆ ಬರ್ತಿದ್ದ ಒಬ್ಬ ಸಹೋದರಿ. ಅವರ ಅನುಮತಿಯನ್ನೂ ಕೇಳಿದ್ದೇನೆ. ಮನಸ್ಸಿನ ಭಾರಕ್ಕೆ ಡಾಕ್ಟರ್ ಕೊಟ್ಟ ಮಾತ್ರೆ ತಗೊಳ್ತಿದ್ದರು. ಎರಡು ವರ್ಷದ ಹಿಂದೆ ನಾಲ್ಕು ಜನರ ಮುಂದೆ ನಾನು ಅವರಿಗೆ ಹೇಳಿದ್ದೆ, ವಿಶ್ವಾಸ ಇದ್ದರೆ ಮಾತ್ರೆ ಯಾಕೆ? ಅವರು ನಕ್ಕರು. ಆಮೇಲೆ ಹಿಂದಿನ ಬೆಂಚಿಗೆ ಹೋದರು. ಆಮೇಲೆ ತಿಂಗಳಿಗೊಮ್ಮೆ ಬಂದರು. ಆಮೇಲೆ ಬರಲಿಲ್ಲ. ನಾನು ಅವರ ಬಗ್ಗೆ ಹಿಂಜಾರಿದರು ಅಂತ ಹೇಳಿಕೊಂಡು ತಿರುಗಿದೆ. ಅವರು ಹಿಂಜಾರಲಿಲ್ಲ ಪ್ರಿಯರೇ. ನಾನು ಓಡಿಸಿದೆ. ಒಂದೇ ಒಂದು ದಿನ ಜೋರಾಗಿ ಓಡಿಸಿದರೂ ಮಂದೆ ಸಾಯುತ್ತದೆ ಅಂತ ಯಾಕೋಬನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಊರಿಗೆ ಬಂದ ಮೂರನೇ ದಿನ ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋದೆವು. ಕ್ಷಮೆ ಕೇಳಿದೆ. ಅವರು ಟೀ ಮಾಡಿಕೊಟ್ಟರು. ಸಭೆಗೆ ಬರ್ತೀನಿ ಅಂತ ಹೇಳಲಿಲ್ಲ. ಇವತ್ತೂ ಬಂದಿಲ್ಲ. ನಾನು ಕಾಯ್ತೀನಿ. ಕಾಯುವುದು ನನ್ನ ಕೆಲಸ.

ಈಗ ನಮ್ಮ ಹನ್ನೆರಡು ಜನರ ವಿಷಯ. ಅವರು ಹಿಮದ ಮೇಲೆ ನಡೆದು ಪಾಸ್ ದಾಟಿದರು, ಶಿಖರಗಳನ್ನು ನೋಡಿದರು, ಚಂದ್ರತಾಲ್ ನೋಡಿದರು. ಫೋಟೋ ತೆಗೆದುಕೊಂಡರು, ತಗೋಬೇಕಲ್ವಾ! ಆದರೆ ಬ್ಯಾನರ್ ಇರಲಿಲ್ಲ. ಅದು ನನ್ನ ಬ್ಯಾಗಿನಲ್ಲಿ ನನ್ನ ಜೊತೆ ಕೆಳಗೆ ಇಳಿದುಬಿಟ್ಟಿತ್ತು. ಅವರು ಮನಾಲಿಗೆ ಬಂದಾಗ ಈ ತಮ್ಮ ರೂಮಿನಿಂದ ಹೊರಗೆ ಬರಲು ನಾಚಿಕೊಂಡ. ನನ್ನಿಂದ ಪಾಸ್ಟರ್‌ಗೂ ತಪ್ಪಿಹೋಯ್ತು ಅಂತ.

ಆಗ 1 ಸಮುವೇಲ 30 ತೆಗೆದು ಎಲ್ಲರೂ ಒಟ್ಟಿಗೆ ಓದಿದೆವು. ದಾವೀದನ ಜೊತೆ 600 ಜನ. ಬೆಸೋರ್ ಹಳ್ಳದ ಹತ್ತಿರ 200 ಜನ ದಣಿದು ನಿಂತುಬಿಟ್ಟರು, ಹಳ್ಳ ದಾಟಲಾಗಲಿಲ್ಲ. 400 ಜನ ಮುಂದೆ ಹೋಗಿ ಗೆದ್ದರು. ವಾಪಸ್ ಬಂದಾಗ ಕೆಲವು ಕೆಟ್ಟ ಜನ ಹೇಳಿದರು, ಇವರು ನಮ್ಮ ಜೊತೆ ಬರಲಿಲ್ಲ, ಇವರಿಗೆ ಪಾಲು ಬೇಡ. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಹೋದವನಿಗೂ ಸಾಮಾನಿನ ಹತ್ತಿರ ಉಳಿದವನಿಗೂ ಸಮಪಾಲು ಅಂದ. ಅದು ಇಸ್ರಾಯೇಲಿನಲ್ಲಿ ನಿಯಮವೇ ಆಯಿತು. ದಾವೀದ ಮೊದಲು ಏನು ಮಾಡಿದ ಗೊತ್ತಾ? ಪಾಲು ಕೊಡುವ ಮುಂಚೆ, 21ನೇ ವಚನ, ಆ ದಣಿದವರ ಹತ್ತಿರ ಬಂದು ಅವರ ಕ್ಷೇಮ ವಿಚಾರಿಸಿದ.

ಓದು ಮುಗಿದ ಮೇಲೆ ಒಬ್ಬ ತಂಗಿ ಎದ್ದು, ಅವನು ಹೊತ್ತಿದ್ದ ಸಾಮಾನು ನನ್ನದು, ಅದಕ್ಕೆ ಅವನು ಬೇಗ ದಣಿದ, ನನಗೆ ಹೊಳೀಲೇ ಇಲ್ಲ ಅಂತ ಅತ್ತಳು. ಇನ್ನೊಬ್ಬ ಹೇಳಿದ, ನನಗೂ ಪಾಸ್ ಹತ್ತಿರ ತುಂಬ ಹೆದರಿಕೆ ಆಗಿತ್ತು, ಹೇಳೋಕೆ ನಾಚಿಕೆ ಆಯ್ತು. ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ನಾನು ಪಾಸ್ಟರ್ ಆಗಿ ಏಳು ವರ್ಷ ಆಯಿತು. ಅಂಥ ಪ್ರಾರ್ಥನಾ ಕೂಟ ನಾನು ನೋಡಿರಲಿಲ್ಲ. ಬ್ಯಾನರ್ ಬಿಚ್ಚಲೇ ಇಲ್ಲ. ಈಗ ಅದನ್ನು ಡ್ರಮ್ಸ್ ಮೇಲೆ ಧೂಳು ಬೀಳದ ಹಾಗೆ ಹೊದಿಸ್ತಾರೆ. ಒಳ್ಳೇ ಕೆಲಸಕ್ಕೇ ಬಂತು.

ಹಾಗಾದರೆ ಈ ವಾರ ನಾವು ಏನು ಮಾಡಬೇಕು? ಮೂರು ವಿಷಯ ಹೇಳಿ ಮುಗಿಸ್ತೀನಿ.

ಒಂದು. ಬಚ್ಚಿಟ್ಟಿರುವವರೇ, ಹೇಳಿ. ಶುಗರ್ ಇರಬಹುದು, ಸಾಲ ಇರಬಹುದು, ಮನೆಯಲ್ಲಿ ಹೊಡೆತ ಇರಬಹುದು, ನಿದ್ದೆ ಮಾತ್ರೆ ಇರಬಹುದು, ಪ್ರಾರ್ಥನೆ ಮಾಡಲು ಮನಸ್ಸೇ ಬರದಿರಬಹುದು. ಇದೆ ಅಂತ ಹೇಳುವುದು ಅಪನಂಬಿಕೆ ಅಲ್ಲ. ಗೆತ್ಸೆಮನೆಯಲ್ಲಿ ಯೇಸು ತನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಅಂತ ಶಿಷ್ಯರಿಗೆ ಬಾಯಿಬಿಟ್ಟು ಹೇಳಿದರು. ಕರ್ತನೇ ಹೇಳಿದ ಮೇಲೆ ನೀವು ಯಾಕೆ ಹೇಳಬಾರದು? ಡಾಕ್ಟರ್ ಕೊಟ್ಟ ಮಾತ್ರೆಯನ್ನು ನನ್ನ ಮಾತು ಕೇಳಿ ಯಾರಾದರೂ ಬಿಟ್ಟಿದ್ದರೆ, ದಯವಿಟ್ಟು ನಾಳೆಯೇ ಡಾಕ್ಟರ್ ಹತ್ತಿರ ಹೋಗಿ. ನಾನೂ ಜೊತೆಗೆ ಬರ್ತೀನಿ. ಪ್ರಾರ್ಥನೆಯನ್ನೂ ಮಾಡೋಣ, ಇಳಿಯುತ್ತಾ ಮಾಡೋಣ.

ಎರಡು. ಗಟ್ಟಿಯಾದವರನ್ನು ಕೇಳಿ. ಯಾರು ಯಾವಾಗಲೂ ಕುರ್ಚಿ ಹಾಕ್ತಾರೋ, ಎಲ್ಲರಿಗೂ ಸಹಾಯ ಮಾಡ್ತಾರೋ, ನಗಿಸ್ತಾರೋ, ಅವರು ಸುಮ್ಮನಾದ ದಿನ ಹತ್ತಿರ ಹೋಗಿ ಕೇಳಿ. ಒಂದು ಸಲ ಕೇಳಿದರೆ ಪರವಾಗಿಲ್ಲ ಅಂತಾರೆ. ಎರಡನೇ ಸಲ ಕೇಳಿ. ಅವರು ಹೊತ್ತಿರುವುದರಲ್ಲಿ ನಿಮ್ಮ ಸಾಮಾನು ಎಷ್ಟಿದೆ ಅಂತ ನೋಡಿ.

ಮೂರು. ಹಿಂದೆ ನಡೆಯುವವರು ಬೇಕು. ಮುಂದೆ ನಡೆಯಲು ನಮ್ಮ ಸಭೆಯಲ್ಲಿ ಜನ ಬೇಕಾದಷ್ಟು ಇದ್ದಾರೆ. ಹಿಂದೆ ನಡೆಯಲು, ನಿಂತವರ ಜೊತೆ ನಿಲ್ಲಲು, ಕೂತವರ ಜೊತೆ ಕೂರಲು ಜನ ಬೇಕು. ಹೋದ ವರ್ಷ ಬರ್ತಿದ್ದು ಈ ವರ್ಷ ಬಾರದವರ ಪಟ್ಟಿ ಮಾಡಿದ್ದೇನೆ, 23 ಹೆಸರುಗಳಿವೆ. ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಒಬ್ಬೊಬ್ಬರು ಒಂದೊಂದು ಹೆಸರು ತಗೊಳ್ಳಿ. ಫೋನ್ ಮಾಡಿ ಯಾಕೆ ಬರ್ತಿಲ್ಲ ಅಂತ ಕೇಳಬೇಡಿ. ಹೇಗಿದ್ದೀರಿ ಅಂತ ಕೇಳಿ. ಉತ್ತರ ತಡವಾದರೆ ಕಾಯಿರಿ.

ಎಲ್ಲರೂ ಎದ್ದು ನಿಲ್ಲೋಣ. ನಿಲ್ಲಲು ಆಗದವರು ಕೂತೇ ಇರಿ, ಇವತ್ತು ಯಾರಿಗೂ ಬಲವಂತ ಇಲ್ಲ. ಕಣ್ಣು ಮುಚ್ಚಿ.

ಪ್ರೀತಿಯುಳ್ಳ ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಾವು ಓಡಿದೆವು, ನಿನ್ನ ಮಕ್ಕಳನ್ನೂ ಓಡಿಸಿದೆವು. ಕ್ಷಮಿಸು ತಂದೆಯೇ. ನಮ್ಮ ಹೆಮ್ಮೆಯ ಕೀಲನ್ನು ನೀನೇ ಮುಟ್ಟು. ಕುಂಟಿಸಬೇಕಾದರೆ ಕುಂಟಿಸು, ಮಂದೆಯ ಜೊತೆ ನಡೆಯುವ ಹಾಗೆ ಮಾಡು. ಇಲ್ಲಿ ನೋವನ್ನು ಬಚ್ಚಿಟ್ಟುಕೊಂಡು ಕೂತಿರುವ ಒಬ್ಬೊಬ್ಬರ ಹತ್ತಿರ ನೀನೇ ಬಾ. ಸ್ವಸ್ಥಪಡಿಸು ಕರ್ತನೇ, ನಿನ್ನ ಗಾಯಗಳಿಂದ ಗುಣವಾಗಲಿ. ಗುಣವಾಗಲು ತಡವಾದರೆ, ತಡವಾಗುವಷ್ಟೂ ದಿನ ಜೊತೆಗೆ ನಡೆಯುವ ಸಭೆ ನಾವಾಗಲಿ. ಇವತ್ತು ಇಲ್ಲಿ ಇಲ್ಲದ 23 ಜನರ ಮನೆಗಳಲ್ಲಿ ನಿನ್ನ ಸಮಾಧಾನ ಇರಲಿ. ಆ ನನ್ನ ಸಹೋದರಿಯ ಮನೆಯಲ್ಲಿ ಇರಲಿ. ಆ ಬೆಟ್ಟದ ದಾರಿಯಲ್ಲಿ ಈಗಲೂ ಮರಿಗಳನ್ನು ಎದೆಯಲ್ಲಿ ಹೊತ್ತು ನಡೆಯುವ ಕುರುಬರನ್ನು ಆಶೀರ್ವದಿಸು. ನಮ್ಮ ಒಳ್ಳೇ ಕುರುಬನಾದ ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.

ಆಮೆನ್. ನಿಧಾನವಾಗಿ ಹೊರಡಿ. ಪಟ್ಟಿ ನನ್ನ ಕೈಯಲ್ಲೇ ಇದೆ.